ಬೋಡಿಯ ಮರಿ ಹೂ ಬಿಟ್ಟ ದಿನ

ನಮ್ಮ ಅತ್ತಿಗೆಯ ಕಣ್ಣಿಗೆ ಏನೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನ ಅರ್ಧ ಜನ ಇವತ್ತಿಗೂ ಅವಳಿಗೆ ಕಣ್ಣು ಮಂಜಾಗಿದೆ ಎಂದೇ ನಂಬಿಕೊಂಡು, ದಾರಿಯಲ್ಲಿ ಸಿಕ್ಕರೆ ಕೈ ಹಿಡಿದು ರಸ್ತೆ ದಾಟಿಸಲು ಬರುತ್ತಾರೆ. ಅವಳೋ, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿ, ಒಂದು ಎಳೆ ಓರೆಯಾದರೂ ಬಿಚ್ಚಿ ಮತ್ತೆ ಹಾಕುವವಳು. ಆ ಕೈ ಹಿಡಿಯಲು ಬರುವ ಕರುಣಾಳುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಕೆಲವೇ ತಿಂಗಳು ದೊಡ್ಡವಳು. ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನ ಅವಳು ಮನೆಗೆ ಬಂದ ಮೊದಲ ವಾರವೇ ಬಿದ್ದುಹೋಯಿತು. ಕಸುಬು ಟೈಲರಿಂಗ್. ಹೊಸ ಬಟ್ಟೆ ಹೊಲಿಯುವುದು ಕಡಿಮೆ, ರಿಪೇರಿಯೇ ಜಾಸ್ತಿ. ಪ್ಯಾಂಟಿನ ಕಾಲು ಮೊಟಕು ಮಾಡುವುದು, ಸೊಂಟ ಸಡಿಲಿಸುವುದು, ಕೆಟ್ಟ ಜಿಪ್ ಕಿತ್ತು ಹೊಸದು ಹಾಕುವುದು, ಪರದೆಗಳಿಗೆ ಅಂಚು ಮಡಿಸುವುದು. “ಈ ಊರಿನ ಹೊಟ್ಟೆ ಯಾವ ವರ್ಷ ಎಷ್ಟು ಬೆಳೀತು ಅಂತ ನನ್ನನ್ನ ಕೇಳು, ಸರ್ಕಾರದ ಹತ್ರಾನೂ ಆ ಲೆಕ್ಕ ಇಲ್ಲ” ಅನ್ನುತ್ತಿದ್ದಳು. ಬಂದವರು ಅಳತೆ ಕೊಟ್ಟು ಹೋಗುತ್ತಿದ್ದರು, ಮತ್ತೆ ಬಂದು ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಕೂತು ಎರಡು ಮಾತಾಡುವವರು ಯಾರೂ ಇರಲಿಲ್ಲ. ಮುಳ್ಳುಗಿಡ ಸಂಘ ಬರುವವರೆಗೆ ಅವಳ ಬದುಕು ಹಾಗೇ ಇತ್ತು.

ಮುಳ್ಳುಗಿಡ ಸಂಘ ಎಂದರೆ ಕಳ್ಳಿ ಗಿಡದ ಹುಚ್ಚು ಹಿಡಿದವರ ಸಂಘ. ಕಿಟಕಿ, ಮೆಟ್ಟಿಲು, ಮಾಳಿಗೆ, ಕಡೆಗೆ ಸ್ನಾನದ ಮನೆಯ ಗೂಡಿನಲ್ಲೂ ಕುಂಡ ಇಟ್ಟುಕೊಂಡಿರುವ ಜನ. ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದನ್ನು ಶುರು ಮಾಡಿದ್ದು. ಅವರು ಒಂದು ಸಲ ಅತ್ತಿಗೆಯ ಹತ್ತಿರ ಕೋಟು ರಿಪೇರಿಗೆ ಬಂದವರು, ಜೇಬಿನಿಂದ ಕಾಗದದಲ್ಲಿ ಸುತ್ತಿದ ಒಂದು ಪುಟ್ಟ ಹಸಿರು ಉಂಡೆ ತೆಗೆದು ಮೆಷಿನ್ನಿನ ಮೇಲಿಟ್ಟರಂತೆ. “ಇದು ಮುಳ್ಳಿಲ್ಲದ ಕಳ್ಳಿ ಕಣಮ್ಮ. ನಿನ್ನ ಬಟ್ಟೆ ಹರಿಯಲ್ಲ, ಇಟ್ಕೋ” ಎಂದರಂತೆ. ಬೋಳುಬೋಳಾಗಿದ್ದ ಅದಕ್ಕೆ ಅತ್ತಿಗೆ ಬೋಡಿ ಎಂದು ಹೆಸರಿಟ್ಟಳು. ಬೋಡಿ ಹೂ ಬಿಟ್ಟಿತು, ಅತ್ತಿಗೆ ಸಂಘ ಸೇರಿದಳು.

ಆ ಸಂಘದಲ್ಲಿ ಒಂದು ಪದ್ಧತಿಯಿದೆ. ಗಿಡ ಮಾರುವಂತಿಲ್ಲ. ತಾಯಿಗಿಡವನ್ನು ಯಾರಿಗೂ ಕೊಡುವಂತಿಲ್ಲ. ಅದರ ಬುಡದಲ್ಲಿ ಏಳುವ ಮರಿಯನ್ನು ಮಾತ್ರ ಕೊಡಬೇಕು. ಆ ಮರಿ ಬೆಳೆದು ಮೊದಲ ಹೂ ಬಿಟ್ಟ ದಿನ, ಕೊಟ್ಟವರನ್ನು ಮನೆಗೆ ಕರೆದು ತೋರಿಸಬೇಕು. ಮರಿ ಕೈಯಿಂದ ಕೈಗೆ ಬಂದಿದ್ದರೆ ಮೊದಲು ಕೊಟ್ಟವರನ್ನೂ ಕರೆಯಬೇಕು. ಕರೆ ಬಂದರೆ ಹೋಗಲೇಬೇಕು, ಯಾಕೆಂದರೆ ಇಂಥ ಹೂವು ಸಂಜೆಗೆಲ್ಲ ಬಾಡಿ ಜೋತುಬೀಳುತ್ತದೆ. ಹಲ್ಲಿನ ಡಾಕ್ಟರೊಬ್ಬರು ರೋಗಿಯ ಬಾಯಿ ತೆರೆಸಿಟ್ಟು ಹೂ ನೋಡಲು ಓಡಿದರಂತೆ ಎಂದು ಸಂಘದಲ್ಲಿ ಇವತ್ತಿಗೂ ನಗುತ್ತಾರೆ. ನಾನು ಆ ಸಂಘದವಳಲ್ಲ. ನನಗೆ ಅವೆಲ್ಲ ಒಂದೇ ಥರದ ಸೌತೆಕಾಯಿ. ಆದರೆ ಈ ಪದ್ಧತಿ ಮಾತ್ರ ಚೆನ್ನಾಗಿದೆ ಅನ್ನಿಸುತ್ತಿತ್ತು.

ಮೇಷ್ಟ್ರು ತೀರಿಕೊಂಡಾಗ ಅವರ ಪುಸ್ತಕಗಳೆಲ್ಲ ಸಂಘಕ್ಕೆ ಬಂದವು. ಸಂಘಕ್ಕೆ ಸ್ವಂತ ಜಾಗ ಇರಲಿಲ್ಲ. ನರ್ಸರಿ ಯಜಮಾನರು ಆಗಷ್ಟೇ ಅಧ್ಯಕ್ಷರಾಗಿದ್ದರು. ಗೊಬ್ಬರದ ಚೀಲಗಳಲ್ಲಿ ಪುಸ್ತಕ ತುಂಬಿಸಿಕೊಂಡು ಬಂದು ನಮ್ಮ ಮನೆಯ ಮುಂದಿನ ಹಾಲಿನಲ್ಲಿ ಇಳಿಸಿ, “ಒಂದು ತಿಂಗಳ ಮಟ್ಟಿಗೆ ಟೈಲರಮ್ಮ” ಎಂದರು. ಆ ಒಂದು ತಿಂಗಳಲ್ಲಿ ನಮ್ಮೆಲ್ಲರ ತಲೆ ನೆರೆಯಿತು. ಅಣ್ಣನ ಮಂಚ ಹಾಲಿನಿಂದ ಅಡುಗೆಮನೆ ಬಾಗಿಲಿಗೆ ಹೋಯಿತು. “ನಾನು ಸತ್ತರೆ ನನ್ನನ್ನೂ ಬೀರುವಿನಲ್ಲೇ ಜೋಡಿಸ್ತಾಳೆ” ಎಂದು ಗೊಣಗುತ್ತಲೇ, ಅವನೇ ಹಳೇ ಹಲಗೆ ತಂದು ಬೀರು ಮಾಡಿಕೊಟ್ಟ.

ವಾರಕ್ಕೆರಡು ಮಧ್ಯಾಹ್ನ ಲೈಬ್ರರಿ ತೆರೆಯುತ್ತಿತ್ತು. ಬೀರುವಿನ ಬೀಗದಕೈಯನ್ನು ಅತ್ತಿಗೆ ತನ್ನ ಅಳತೆ ಟೇಪಿನ ತುದಿಗೆ ಕಟ್ಟಿಕೊಂಡಿದ್ದಳು. ಟೇಪು ಯಾವಾಗಲೂ ಕೊರಳಲ್ಲೇ. ಗಿರಾಕಿಯ ಸೊಂಟ ಅಳೆಯುವಾಗ ಕೀಲಿ ಹೊಟ್ಟೆಗೆ ತಣ್ಣಗೆ ತಾಗಿ ಜನ ಬೆಚ್ಚಿಬೀಳುತ್ತಿದ್ದರು. “ಅಯ್ಯೋ, ಉಸಿರು ಬಿಡಿ ಸ್ವಾಮಿ, ಇಲ್ಲಾಂದ್ರೆ ಪ್ಯಾಂಟು ಬಿಗಿಯಾಗುತ್ತೆ” ಎಂದು ಇವಳು ಗದರುತ್ತಿದ್ದಳು.

ಸಂಘದವರ ಉಗುರಿನಲ್ಲಿ ಯಾವಾಗಲೂ ಮಣ್ಣು. ಪುಸ್ತಕ ಮುಟ್ಟಿದರೆ ಮಣ್ಣು, ಮರಳು. ಅದಕ್ಕೆ ಅತ್ತಿಗೆ ಪ್ರತಿ ಪುಸ್ತಕಕ್ಕೂ ಒಂದೊಂದು ಬಟ್ಟೆಯ ಅಂಗಿ ಹೊಲಿದಳು, ಮುಂದೆ ಗುಂಡಿ ಹಾಕುವಂಥದ್ದು. ಮೊಟಕು ಮಾಡಿದ ಪ್ಯಾಂಟುಗಳ ತುಂಡು, ಹಳೇ ಯೂನಿಫಾರಂ, ಕೋಟಿನ ಒಳಬಟ್ಟೆ, ಪರದೆಯ ಚೂರು ಎಲ್ಲವೂ ಪುಸ್ತಕದ ಮೈಮೇಲೆ ಹೋಯಿತು. ಬೀರು ತೆಗೆದರೆ ಇಡೀ ಊರೇ ಸಾಲಾಗಿ ನಿಂತ ಹಾಗೆ ಕಾಣುತ್ತಿತ್ತು. ಬರುವವರಿಗೆ ಪುಸ್ತಕದ ಹೆಸರು ಬೇಕಿರಲಿಲ್ಲ. “ಆ ಚೌಕಳಿ ಅಂಗಿಯದು ಕೊಡಿ”, “ಖಾಕಿಯದು ಯಾರು ತಗೊಂಡೋಗಿದಾರೆ?” ಎಂದೇ ಕೇಳುತ್ತಿದ್ದರು. ಕೂತು ಓದುತ್ತಿದ್ದರು, ಬೇರು ಕೊಳೆತ ಗಿಡಗಳ ಗೋಳು ಹೇಳಿಕೊಳ್ಳುತ್ತಿದ್ದರು, ಟೀ ಕುಡಿದು ಲೋಟ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅತ್ತಿಗೆ ಎಲ್ಲರಿಗೂ ಬೈದುಕೊಂಡು ಸುಖವಾಗಿದ್ದಳು. ಅವಳ ಹತ್ತಿರ ಕೂತು ಮಾತಾಡುವ ಜನ ಅವಳಿಗೆ ಸಿಕ್ಕಿದ್ದೇ ಆ ಪುಸ್ತಕಗಳಿಂದ. ಈ ಮಾತು ಮರೆಯಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಬಂದವರಲ್ಲಿ ಒಬ್ಬಳು ಬೀಜದಂಗಡಿಯವಳು. ಸಂಘದ ಕಾರ್ಯದರ್ಶಿ. ಮಧ್ಯಾಹ್ನ ಅಂಗಡಿ ಮುಚ್ಚಿದರೆ ನೇರ ನಮ್ಮ ಮನೆಗೇ ಬರುತ್ತಿದ್ದಳು. ನಗು ಎಂದರೆ ಪಕ್ಕದ ಮನೆಯ ಮಗು ಎದ್ದು ಅಳಬೇಕು, ಅಂಥ ನಗು. ಅತ್ತಿಗೆಯನ್ನು ‘ಅಕ್ಕ’ ಎನ್ನುತ್ತಿದ್ದಳು, ನನ್ನನ್ನು ‘ಸಿಡುಕಿ’ ಎನ್ನುತ್ತಿದ್ದಳು, ನಾನೂ ಅದಕ್ಕೆ ನಗುತ್ತಿದ್ದೆ. ನಮ್ಮ ಮನೆಯ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅಣ್ಣನಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಅವಳ ತಾಯಿ ಹಾಸಿಗೆ ಹಿಡಿದಾಗ ಅತ್ತಿಗೆ ಮೆಷಿನ್ ಮುಚ್ಚಿಟ್ಟು ಹೋಗಿ ಆ ಮುದುಕಿಯ ಪಕ್ಕ ಕೂತಳು. ಬೋಡಿ ಮರಿ ಹಾಕುವುದೇ ಅಪರೂಪ. ಎಷ್ಟೋ ವರ್ಷ ಬಿಟ್ಟು ಅದರ ಬುಡದಲ್ಲಿ ಒಂದು ಮರಿ ಎದ್ದಾಗ, ಕೇಳಿದ ಎಲ್ಲರಿಗೂ ಇಲ್ಲ ಎಂದು ಅತ್ತಿಗೆ ಅದನ್ನು ಕೊಟ್ಟಿದ್ದು ಬೀಜದಂಗಡಿಯವಳಿಗೆ.

ಹೋದ ಮಳೆಗಾಲದಲ್ಲಿ ನಮ್ಮ ಹಾಲಿನ ಗೋಡೆಗೆ ತೇವ ಏರಿತು. ಮೊದಲು ಸುಣ್ಣ ಉಬ್ಬಿತು, ಆಮೇಲೆ ಬೀರುವಿನ ಹಿಂಭಾಗ ಕಪ್ಪಗಾಯಿತು. ಅತ್ತಿಗೆ ಪುಸ್ತಕಗಳನ್ನು ಗೋಡೆಯಿಂದ ದೂರ ಎಳೆದು, ಫ್ಯಾನು ಹಾಕಿ, ಒಂದೊಂದೇ ಪುಟ ಬಿಡಿಸಿ ಒಣಗಿಸಿದಳು. ಮತ್ತೊಂದು ಮಳೆಗಾಲ ತಡೆಯುವುದಿಲ್ಲ ಎಂದು ಗೊತ್ತಾಯಿತು. ನಮ್ಮ ಹಾಲಿನಲ್ಲೇ ಸಂಘದ ಸಭೆ ಸೇರಿತು.

“ಪುಸ್ತಕಕ್ಕೆ ಒಂದು ಖಾಯಂ ಜಾಗ ಆಗ್ಬೇಕು” ಎಂದರು ನರ್ಸರಿ ಯಜಮಾನರು. “ನೋಡ್ಕೊಳ್ಳೋಕೆ ಒಬ್ಬರು ಖಾಯಂ ಬೇಕು.”

“ಜಾಗ ನಾನು ಹುಡುಕ್ತೀನಿ. ಅರ್ಧ ಊರಿನ ಮನೆ ಒಳಗೆ ಹೋಗಿ ಪರದೆ ಅಳೆದಿದೀನಿ, ಯಾವ ರೂಮು ಖಾಲಿ ಇದೆ ಅಂತ ನನಗೆ ಗೊತ್ತಾಗುತ್ತೆ” ಎಂದಳು ಅತ್ತಿಗೆ. “ನೋಡ್ಕೊಳ್ಳೋಕೆ ಹೇಗೂ ನಾನಿದೀನಲ್ಲ. ಪುಸ್ತಕ ಎಲ್ಲೇ ಹೋದ್ರೂ ಬೀಗದಕೈ ನನ್ನ ಹತ್ರಾನೇ ಇರ್ಲಿ, ಅಷ್ಟೇ ನಾನು ಕೇಳೋದು.”

“ಇನ್ಯಾರ ಹತ್ರ ಇರುತ್ತೆ ಅಕ್ಕ!” ಎಂದಳು ಬೀಜದಂಗಡಿಯವಳು. ಎಲ್ಲರೂ ನಕ್ಕರು. ಯಜಮಾನರು ಮಾತ್ರ ಲೋಟದೊಳಗೆ ನೋಡುತ್ತಾ ಟೀ ಕುಡಿದರು. ಸಕ್ಕರೆ ಕಡಿಮೆಯಾಯಿತೇನೋ ಎಂದುಕೊಂಡೆ ನಾನು.

ಅವತ್ತಿನಿಂದ ಅತ್ತಿಗೆ ಕಾಲಿಗೆ ಚಕ್ರ ಕಟ್ಟಿಕೊಂಡಳು. ಹೊಲಿದ ಬಟ್ಟೆ ಕೊಡಲು ಹೋದ ನೆಪದಲ್ಲಿ ಮನೆಮನೆಯ ಗೋಡೆ ಮುಟ್ಟಿ ನೋಡುತ್ತಿದ್ದಳು. ಶಾಲೆಯವರು ತೋರಿಸಿದ ಕೋಣೆಯ ಮಾಡು ಸೋರುತ್ತಿತ್ತು. ಬ್ಯಾಂಕಿನ ಮಾಳಿಗೆಯವರು ರಜೆಯ ದಿನ ಬಾಗಿಲು ತೆಗೆಯುವುದಿಲ್ಲ ಎಂದರು. ಸಂಘದವರಿಗೆ ಬಿಡುವಾಗುವುದೇ ರಜೆಯ ದಿನ. ಒಬ್ಬ ಪುಣ್ಯಾತ್ಮ ಈಜುಕೊಳದ ಪಕ್ಕದ ಕೋಣೆ ಕೊಡುತ್ತೇನೆಂದ. “ಪುಸ್ತಕಕ್ಕೂ ಈಜು ಕಲಿಸ್ಬೇಕಾ?” ಎಂದು ಅತ್ತಿಗೆ ಅವನ ಮುಖಕ್ಕೇ ಕೇಳಿ ಬಂದಳು. ಚಳಿಯಲ್ಲಿ ಮಂಡಿ ಹಿಡಿದುಕೊಂಡು, ಮಫ್ಲರ್ ಸುತ್ತಿಕೊಂಡು, ಬೀದಿ ಬೀದಿ ಅಲೆದಳು. ಸಂಜೆ ಬಂದರೆ ಬೀಜದಂಗಡಿಯವಳು ನಮ್ಮ ಮನೆಯಲ್ಲಿ ಟೀ ಮಾಡಿಟ್ಟುಕೊಂಡು ಕಾಯುತ್ತಿದ್ದಳು. “ಎಲ್ಲಿವರೆಗೆ ಬಂತು ಅಕ್ಕ?” ಎಂದು ಕೇಳುತ್ತಿದ್ದಳು. ಅತ್ತಿಗೆಯ ಕಾಲಿಗೆ ಬಿಸಿನೀರಿನ ಬ್ಯಾಗು ಇಡುತ್ತಿದ್ದಳು.

ಆಗಲೇ ಇನ್ನೊಂದು ವಿಚಿತ್ರ ಶುರುವಾಯಿತು. ಸಂಘದವರು ಬಂದಾಗಲೆಲ್ಲ, “ಕಣ್ಣು ಹೇಗಿದೆ ಟೈಲರಮ್ಮ?” ಎಂದು ಕೇಳತೊಡಗಿದರು. ಹಲ್ಲಿನ ಡಾಕ್ಟರಂತೂ, “ಕಣ್ಣಿನ ಡಾಕ್ಟರು ನನ್ನ ಸ್ನೇಹಿತರೇ, ಹೇಳ್ತೀನಿ” ಎಂದರು. “ನನ್ನ ಕಣ್ಣಿಗೆ ಏನಾಗಿದೆ ಧಾಡಿ?” ಎಂದು ಅತ್ತಿಗೆ ನನ್ನ ಹತ್ತಿರ ನಕ್ಕಳು. “ಮಂಡಿ ನೋವು ಅಂದ್ರೆ ಇವರಿಗೆ ಕಣ್ಣು ಅಂತ ಕೇಳಿಸ್ತದೋ ಏನೋ.”

ಕೊನೆಗೆ ಜಾಗ ಸಿಕ್ಕಿದ್ದು ಪರದೆ ಅಮ್ಮನ ಮನೆಯಲ್ಲಿ. ಪರದೆ ಅಮ್ಮ ಎಂದರೆ ವರ್ಷಕ್ಕೊಮ್ಮೆ ಮನೆಯ ಪರದೆಗಳನ್ನೆಲ್ಲ ಬದಲಿಸುವ ಒಬ್ಬರು ಹಿರಿಯ ಹೆಂಗಸು; ಅತ್ತಿಗೆಯ ಹಳೇ ಗಿರಾಕಿ. ಮಹಡಿಯ ಮೇಲೆ ಅವರ ಗಂಡನ ಫೋಟೋ ಸ್ಟುಡಿಯೋ ಇತ್ತು. ಗಂಡ ಹೋದಮೇಲೆ ಬೀಗ. ಫೋಟೋಗಳಿಗೆಂದು ಕಟ್ಟಿಸಿದ ಕೋಣೆ, ಒಂದು ಹನಿ ತೇವ ಇಲ್ಲ. ಎಷ್ಟು ಜನ ಬಾಡಿಗೆಗೆ ಕೇಳಿದರೂ ಆಕೆ ಕೊಟ್ಟಿರಲಿಲ್ಲ. ಅತ್ತಿಗೆ ಪರದೆ ಅಳೆಯುತ್ತಾ ಅಳೆಯುತ್ತಾ ಕೇಳಿದಳು, ಮುಂದಿನ ಸಲ ಮತ್ತೆ ಕೇಳಿದಳು.

“ಬಾಡಿಗೆ ಬೇಡ” ಎಂದರಂತೆ ಪರದೆ ಅಮ್ಮ. “ನೀನು ಬಂದು ಬಾಗಿಲು ತೆಗೆದು ಕೂತ್ಕೊ. ಮೇಲೆ ಮನುಷ್ಯರ ಸದ್ದು ಆಗ್ಲಿ, ಸಾಕು.”

ಅವತ್ತು ಅತ್ತಿಗೆ ಓಡಿಬಂದಂತೆ ಬಂದಳು. ಮಂಡಿ ನೋವಿನ ಮಾತೇ ಇಲ್ಲ. ಬೀಜದಂಗಡಿಯವಳು ಅವಳನ್ನು ತಬ್ಬಿಕೊಂಡು ಕಣ್ಣೀರು ಹಾಕಿದಳು, ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಅತ್ತಿಗೆಯ ಸಂಭ್ರಮ ಹೇಳತೀರದು. ಸ್ಟುಡಿಯೋದ ಕಿಟಕಿಗಳಿಗೆ ಪರದೆ ಹೊಲಿದಳು. ಬೀರು ಎಲ್ಲಿ ನಿಲ್ಲಬೇಕು ಎಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು ಬಂದಳು. ಕಿಟಕಿ ಪಕ್ಕ ಒಂದು ಕುರ್ಚಿ, ಅದು ತನ್ನದು ಎಂದು ತೀರ್ಮಾನಿಸಿ, ಅದಕ್ಕೊಂದು ದಿಂಬು ಹೊಲಿದಳು. ಅವಳು ತನಗಾಗಿ ಏನಾದರೂ ಹೊಲಿದುಕೊಂಡದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಪುಸ್ತಕ ಸಾಗಿಸಲು ದಿನ ಗೊತ್ತುಮಾಡಿದ್ದಾಗಿತ್ತು. ಬೇಸಿಗೆ. ಒಂದು ಬೆಳಿಗ್ಗೆ ಫೋನ್ ಬಂತು.

“ಟೈಲರ್ ಆಂಟಿ ಅಲ್ವಾ? ನಾನು ನರ್ಸರಿ ಮನೆ ಸೊಸೆ. ನಿಮ್ಮ ಬೋಡಿಯ ಮರಿ ನಮ್ಮನೇಲಿ ಹೂ ಬಿಟ್ಟಿದೆ. ಮೊದಲ ಹೂವು. ಸಂಜೆಗೆ ಬಾಡಿಹೋಗುತ್ತೆ, ಬರ್ತೀರಾ?”

ಅತ್ತಿಗೆ ಫೋನಿಟ್ಟು ಹುಬ್ಬು ಗಂಟಿಕ್ಕಿದಳು. “ಬೋಡಿಯ ಮರಿ ಇರೋದು ಬೀಜದಂಗಡಿಯವಳ ಹತ್ರ ಅಲ್ವೇನೇ? ನರ್ಸರಿ ಮನೆಗೆ ಯಾವಾಗ ಹೋಯ್ತು?” ಆದರೆ ಹೂವಿನ ಸುದ್ದಿ ಕೇಳಿದ ಮೇಲೆ ಅವಳನ್ನು ಹಿಡಿಯುವವರು ಯಾರು? ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಒಳ್ಳೇ ಚಪ್ಪಲಿ ಮೆಟ್ಟಿ, ನನ್ನನ್ನೂ ಎಳೆದುಕೊಂಡು ಹೊರಟಳು.

ನರ್ಸರಿ ಯಜಮಾನರ ಸೊಸೆಯನ್ನು ನಾವು ಹತ್ತಿರದಿಂದ ನೋಡಿದ್ದು ಅವತ್ತೇ. ಮುಖದಲ್ಲಿ ಒಂದು ಚೂರು ಕಪಟ ಇಲ್ಲದ ಹುಡುಗಿ. ಕಿಟಕಿಯಲ್ಲಿ ಕುಂಡ. ಕುಂಡದಲ್ಲಿ ಬೋಡಿಯದೇ ಅಚ್ಚು, ಅಂಗೈಯಷ್ಟು ಉಂಡೆ. ಅದರ ಪಕ್ಕೆಯಿಂದ ಉದ್ದ ತೊಟ್ಟು ಎದ್ದು, ತುದಿಯಲ್ಲಿ ತಟ್ಟೆಯಂಥ ಬಿಳಿ ಹೂವು. ಅತ್ತಿಗೆ ಬಗ್ಗಿ ಮೂಸಿ, “ಮೇಷ್ಟ್ರು ನೋಡ್ಬೇಕಿತ್ತು” ಎಂದಳು.

“ಆಂಟಿ, ಕಾಣ್ತಾ ಇದೆಯಾ? ಹತ್ರ ತರ್ಲಾ?” ಎಂದಳು ಹುಡುಗಿ.

“ಯಾಕಮ್ಮಾ, ಚೆನ್ನಾಗೇ ಕಾಣ್ತಿದೆ.”

“ಅಲ್ಲ, ಕಣ್ಣು ಪೂರ್ತಿ ಮಂಜಾಗಿದೆ ಅಂದಿದ್ರು. ಅದಕ್ಕೇ ನೀವೇ ಲೈಬ್ರರಿ ಬಿಡ್ತೀನಿ ಅಂದ್ರಂತಲ್ಲ.”

ಅತ್ತಿಗೆ ಹೂವಿನಿಂದ ಮುಖ ಎತ್ತಲಿಲ್ಲ.

“ಯಾರು ಹೇಳಿದ್ದು ಮಗು?”

“ಬೀಜದಂಗಡಿ ಆಂಟಿ. ಈ ಮರಿ ಕೊಟ್ಟಿದ್ದೂ ಅವರೇ. ಲೈಬ್ರರಿ ಇನ್ಮೇಲೆ ನಾನೇ ನೋಡ್ಕೊಳ್ಳೋದು ಅಂತ ಮಾವನೂ ಅವರೂ ಮಾತಾಡಿ ಮುಗಿಸಿದ್ರಲ್ಲ, ಅವತ್ತು ತಂದುಕೊಟ್ರು. ಪುಸ್ತಕದ ಜೊತೆ ಇದೂ ಅಕ್ಕನ ಮನೆಯಿಂದ ನಿನ್ನ ಮನೆಗೆ ಬರ್ಲಿ ಅಂದ್ರು. ಮೊದಲು ಕೊಟ್ಟವರನ್ನೂ ಕರೀಬೇಕು ಅಂತ ಸಂಘದ ಪದ್ಧತಿ ಇದೆಯಲ್ಲಾ, ಅದಕ್ಕೇ ನಿಮ್ಮನ್ನ ಕರೆದೆ. ತಪ್ಪಾಯ್ತಾ?”

“ಇಲ್ಲಮ್ಮ. ಸರಿಯಾಗೇ ಮಾಡಿದೀಯ. ಯಾವಾಗ ತಂದುಕೊಟ್ಟಳು?”

“ಮಳೆ ನಿಂತ ಮೇಲೆ. ಚಳಿ ಇನ್ನೂ ಶುರುವಾಗಿರಲಿಲ್ಲ.”

ಅಂದರೆ ನಮ್ಮ ಹಾಲಿನಲ್ಲಿ ಸಭೆ ಸೇರಿದ ಹೊಸತರಲ್ಲೇ. ಅತ್ತಿಗೆ ಬೀದಿ ಅಲೆಯಲು ಶುರುಮಾಡುವಷ್ಟರಲ್ಲೇ ಅವಳ ಕುರ್ಚಿಯಲ್ಲಿ ಕೂರುವವರು ಯಾರೆಂದು ತೀರ್ಮಾನವಾಗಿತ್ತು. ಆ ಚಳಿಗಾಲವಿಡೀ ನಮ್ಮ ಒಲೆಯ ಮೇಲೆ ಟೀ ಕಾಯಿಸಿ, “ಎಲ್ಲಿವರೆಗೆ ಬಂತು ಅಕ್ಕ?” ಎಂದು ಕೇಳಿದ್ದಳಲ್ಲ, ಎಲ್ಲ ಗೊತ್ತಿದ್ದೇ ಕೇಳಿದ್ದು. ಪದ್ಧತಿಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವ ಈ ಹೊಸ ಹುಡುಗಿ ಫೋನ್ ಮಾಡದೆ ಹೋಗಿದ್ದರೆ, ಪುಸ್ತಕ ಗಾಡಿಗೆ ಏರುವವರೆಗೂ ನಮಗೆ ತಿಳಿಯುತ್ತಿರಲಿಲ್ಲ. ಎಂಥ ನಂಬಿಕೆದ್ರೋಹ! ಕೂಗಬೇಕು ಅನ್ನಿಸಿತು. ಆ ಹುಡುಗಿ ಕೈಯಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದಳು, ಯಾರ ಮೇಲೆ ಕೂಗುವುದು?

“ಬೇಕಿದ್ರೆ ಗಿಡ ವಾಪಸ್ ತಗೊಳ್ಳಿ ಆಂಟಿ” ಎಂದಳು ಹುಡುಗಿ. ಏನೋ ಎಡವಟ್ಟಾಗಿದೆ ಎಂದು ಅವಳಿಗೂ ಹೊಳೆದಿತ್ತು, ಮುಖ ಸಣ್ಣದಾಗಿತ್ತು.

“ಗಿಡ ಏನು ಮಾಡ್ತು, ಪಾಪ” ಎಂದಳು ಅತ್ತಿಗೆ. “ಇಲ್ಲೇ ಚೆನ್ನಾಗಿದೆ. ಚಳಿಗಾಲದಲ್ಲಿ ನೀರು ಹಾಕ್ಬೇಡ.”

ದಾರಿಯಲ್ಲಿ ನಾನೇ ಒದರಾಡಿದೆ. “ನಡಿ, ಪರದೆ ಅಮ್ಮನ ಹತ್ರ ಹೋಗೋಣ. ಅವರು ಜಾಗ ಕೊಟ್ಟಿದ್ದು ನಿನ್ನ ಮುಖ ನೋಡಿ. ಎಲ್ಲಾ ಹೇಳಿಬಿಡು. ರೂಮೂ ಇಲ್ಲ, ಗೀಮೂ ಇಲ್ಲ ಅಂತ ಉಗಿದು ಕಳಿಸ್ಲಿ ಅವರನ್ನ!” ಅತ್ತಿಗೆ ಆ ಬೀದಿಗೇ ತಿರುಗಿದಳು.

ಪರದೆ ಅಮ್ಮ ಬಾಗಿಲು ತೆಗೆದವರೇ ಅತ್ತಿಗೆಯ ಮೊಣಕೈ ಹಿಡಿದರು. “ಹುಷಾರು, ಇಲ್ಲೊಂದು ಮೆಟ್ಟಿಲಿದೆ.”

ಬೀಜದಂಗಡಿಯವಳು ಅಲ್ಲಿಗೂ ಬಂದು ಹೋಗಿದ್ದಳು.

“ನನ್ನ ಕಣ್ಣು ಚೆನ್ನಾಗಿದೆ ಅಮ್ಮ” ಎಂದಳು ಅತ್ತಿಗೆ. “ಯಾರೋ ಸುಳ್ಳು ಹೇಳಿದಾರೆ. ನಾನು ಲೈಬ್ರರಿ ಬಿಡ್ತೀನಿ ಅಂತ ಯಾವತ್ತೂ ಅಂದಿಲ್ಲ.”

“ನಮ್ಮೆಜಮಾನ್ರೂ ಹೀಗೇ ಅಂತಿದ್ರು. ಕೊನೇವರೆಗೂ ಚೆನ್ನಾಗಿದೆ, ಚೆನ್ನಾಗಿದೆ ಅಂತಾನೇ ಫೋಟೋ ತೆಗೆದ್ರು, ಫೋಟೋದಲ್ಲಿ ಒಬ್ಬರ ತಲೇನೂ ಬೀಳ್ತಿರಲಿಲ್ಲ” ಎಂದರು ಪರದೆ ಅಮ್ಮ, ಅವಳ ಕೈ ತಟ್ಟುತ್ತಾ. “ಹಠ ಬೇಡ. ಆ ಹುಡುಗೀನ ಕರ್ಕೊಂಡು ಬಂದಿದ್ರು, ಒಳ್ಳೇ ಮಗು. ನನಗೆ ಮೇಲೆ ಸದ್ದಾದ್ರೆ ಸಾಕು, ಯಾರ ಸದ್ದಾದ್ರೇನು?”

“ಬೇಕಾದ್ರೆ ಆ ಎದುರು ಅಂಗಡಿ ಬೋರ್ಡು ಓದಿಸಿ ಅಮ್ಮ!” ಎಂದು ನಾನು ಸಿಡಿದೆ.

“ಬಾಯಿಪಾಠ ಇರುತ್ತಲ್ಲ, ಇಷ್ಟು ವರ್ಷದಿಂದ ಬರ್ತಿದಾಳೆ” ಎಂದರು ಆಕೆ, ಬಹಳ ಪ್ರೀತಿಯಿಂದಲೇ. ಇಳಿಯುವಾಗಲೂ ಮೊಣಕೈ ಹಿಡಿದೇ ಇಳಿಸಿದರು. ಅತ್ತಿಗೆ ಬಿಡಿಸಿಕೊಳ್ಳಲಿಲ್ಲ. ಬೀದಿಗೆ ಬಂದ ಮೇಲೆ ಮಾತ್ರ, “ನಾನು ಕಣ್ಣಿದೆ ಅಂದ್ರೂ ನಂಬೋರಿಲ್ಲ ಅಲ್ವೇನೇ” ಎಂದಳು.

ಆ ದಿನದಿಂದ ಬೀಜದಂಗಡಿಯವಳು ನಮ್ಮ ಮನೆ ಕಡೆ ಸುಳಿಯಲಿಲ್ಲ. ಹುಡುಗಿ ಹೇಳಿರಬೇಕು. ಅಣ್ಣ, ಯಾವತ್ತೂ ಸಂಘವನ್ನು ಬೈಯುತ್ತಿದ್ದ ಅಣ್ಣ, ಊಟದ ತಟ್ಟೆ ಮುಂದೆ ಕೂತು, “ಬೀರು ಕೊಡಲ್ಲ ಅನ್ನು. ನಾನು ಮಾಡಿದ್ದು” ಎಂದ. “ಬೀರು ಕೊಡಲ್ಲ ಅಂದ್ರೆ ಪುಸ್ತಕ ನೆಲದ ಮೇಲಿರುತ್ತೆ” ಎಂದಳು ಅತ್ತಿಗೆ. ಅಷ್ಟೇ. ರಾಜಿಯೂ ಇಲ್ಲ, ಜಗಳವೂ ಇಲ್ಲ. ನನಗೆ ಅವಳ ಮೇಲೆಯೇ ಸಿಟ್ಟು ಬಂತು.

ಪುಸ್ತಕ ಸಾಗಿಸುವ ದಿನ ಬಾಗಿಲಿಗೆ ನರ್ಸರಿಯ ಗಾಡಿ ಬಂದು ನಿಂತಿತು. ಯಜಮಾನರು, ಸೊಸೆ, ಸಂಘದ ನಾಲ್ಕಾರು ಜನ. ಬೀಜದಂಗಡಿಯವಳು ಗಾಡಿಯ ಹಿಂದೆ, ಚೀಲ ಮಡಿಸುವ ಕೆಲಸ ಹಚ್ಚಿಕೊಂಡು ನಿಂತಿದ್ದಳು. ಒಳಗೆ ಅತ್ತಿಗೆ ಬೀರು ತೆರೆದು ನೆಲದ ಮೇಲೆ ಕೂತಿದ್ದಳು. ಒಂದು ಪುಸ್ತಕ ತೆಗೆದು, ಗುಂಡಿ ಬಿಚ್ಚಿ, ಅಂಗಿ ಕಳಚಿ ಪಕ್ಕಕ್ಕಿಟ್ಟು, ಬರಿಮೈಯ ಪುಸ್ತಕವನ್ನು ಹೊರಗೆ ಕೊಡುತ್ತಿದ್ದಳು. ಮತ್ತೊಂದು ತೆಗೆಯುತ್ತಿದ್ದಳು. ಅಂಗಿಯೊಳಗಿದ್ದ ಪುಸ್ತಕಗಳು ಹೊಸವುಗಳಂತೆ ಹೊಳೆಯುತ್ತಿದ್ದವು, ಒಂದರ ಮೂಲೆಯೂ ಮುರುಟಿರಲಿಲ್ಲ.

“ಅಂಗಿ ಜೊತೆಗೇ ಇರ್ಲಿ ಬಿಡಿ ಟೈಲರಮ್ಮ” ಎಂದರು ಯಜಮಾನರು, ಕೈ ಉಜ್ಜಿಕೊಳ್ಳುತ್ತಾ. “ಜನಕ್ಕೆ ಅದೇ ಗುರುತು.”

“ಪುಸ್ತಕ ಸಂಘದ್ದು, ಅಂಗಿ ನಂದು” ಎಂದಳು ಅತ್ತಿಗೆ. “ಹೊಸ ಜಾಗದಲ್ಲಿ ಗುಂಡಿ ಕಿತ್ತು ಬಂದ್ರೆ ಹಾಕೋರು ಯಾರು? ನನಗೋ ಕಣ್ಣು ಕಾಣಲ್ಲ.”

ಆಮೇಲೆ ಅವಳು ಕೊರಳಿನ ಟೇಪು ತೆಗೆದು, ತುದಿಯ ಗಂಟು ಬಿಚ್ಚಿ, ಬೀಗದಕೈಯನ್ನು ಯಜಮಾನರಿಗಲ್ಲ, ಸೊಸೆಯ ಕೈಗೆ ಕೊಟ್ಟಳು. ಗಂಟು ಬಿಗಿದು ಬಿಗಿದು ಕಲ್ಲಾಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. “ಎಡಗಡೆ ಬಾಗಿಲು ಸ್ವಲ್ಪ ಎತ್ತಿ ಎಳೀಬೇಕು” ಎಂದಳು. ಹುಡುಗಿಯ ಕಣ್ಣಲ್ಲಿ ನೀರು. ಯಜಮಾನರು ಗಾಡಿ ನೋಡುವ ನೆಪ ಮಾಡಿ ಹೊರಗೆ ಹೋದರು. ಒಬ್ಬೊಬ್ಬರೇ ಜಾರಿಕೊಂಡರು.

ಆಗ ಬೀಜದಂಗಡಿಯವಳು ಒಳಗೆ ಬಂದಳು. ಬಂದವಳು ಅತ್ತಿಗೆಯ ಎದುರು ನೆಲದ ಮೇಲೆ ಕೂತು, ಒಂದು ಪುಸ್ತಕ ತೆಗೆದುಕೊಂಡು ಗುಂಡಿ ಬಿಚ್ಚಲು ಹೋದಳು. ಅತ್ತಿಗೆ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

“ಹೇಳೋಕೆ ಬಾಯಿ ಬರ್ಲಿಲ್ಲ ಅಕ್ಕ” ಎಂದಳು ಅವಳು. “ಸೊಸೆ ಲೈಬ್ರರಿ ಕೆಲಸಕ್ಕೇ ಅಂತ ಓದಿದಾಳೆ, ಅವಳೇ ಇರ್ಲಿ ಅಂತ ಯಜಮಾನರು ಹಠ ಹಿಡಿದ್ರು. ನಾನು ಇಲ್ಲ ಅನ್ನೋಕಾಗ್ಲಿಲ್ಲ.”

“ನನ್ನ ಕಣ್ಣು ಯಾಕೆ ಕಿತ್ತೆ?”

“ನಿಮ್ಮನ್ನ ತೆಗೆದುಹಾಕಿದ್ರು ಅಂತ ಜನ ಅನ್ನಬಾರದು, ನೀವಾಗೇ ಬಿಟ್ರಿ ಅಂತ ಆಗ್ಲಿ ಅಂತ. ನಿಮ್ಮ ಮರ್ಯಾದೆಗೇ ಅಕ್ಕ, ಆಣೆ.”

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಡೆ ಒಂದು ನೋಟ ನೋಡಿದಳು, ನಾನು ಮುಚ್ಚಿದೆ.

“ಮೊದಲೇ ಹೇಳ್ಬಹುದಿತ್ತಲ್ಲ. ಮಳೆ ನಿಂತಾಗ್ಲೇ.”

ಬೀಜದಂಗಡಿಯವಳು ಕಳಚಿಟ್ಟ ಒಂದು ಅಂಗಿಯನ್ನು ತೊಡೆಯ ಮೇಲಿಟ್ಟು ಮಡಿಸಿದಳು. ಅವಳ ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. “ಹೇಳಿದ್ರೆ ನೀವು ಜಾಗ ಹುಡುಕ್ತಿರ್ಲಿಲ್ಲ ಅಕ್ಕ. ನಿಮ್ಮನ್ನ ಬಿಟ್ರೆ ಯಾರಿಗೂ ಜಾಗ ಸಿಗ್ತಿರ್ಲಿಲ್ಲ. ಪುಸ್ತಕ ಎಲ್ಲಾ ಕೊಳೆತುಹೋಗೋದು.”

ಅತ್ತಿಗೆಯ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು. ಇಷ್ಟು ವರ್ಷ ಜೊತೆಗಿದ್ದವಳನ್ನು ಯಾರೋ ಅಪರಿಚಿತಳನ್ನು ನೋಡುವಂತೆ ನೋಡಿದಳು.

“ಹುಡುಕ್ತಿದ್ದೆ ಕಣೆ” ಎಂದಳು. “ಹೇಳಿದ್ರೂ ಹುಡುಕ್ತಿದ್ದೆ.”

ಅಷ್ಟು ಹೇಳಿ, ಕೈಲಿದ್ದ ಪುಸ್ತಕದ ಗುಂಡಿ ಬಿಚ್ಚಿದಳು.